ಬಲಗಡೆ ಕೆಳಗಿನ ಮೂಲೆ

"ಮೇಷ್ಟ್ರೇ, ಚಿಕ್ಕ ಲೆನ್ಸ್ ಕೊಳ್ಳಲೋ, ದೊಡ್ಡದು ಕೊಳ್ಳಲೋ? ಅದಕ್ಕೆ ಹುಡ್ ಯಾವುದು ಹಾಕಲಿ?" ಎಂದು ದೇವಿಕಾ ಕೇಳಿದಳು.

ದೇವಿಕಾ ಪುಟ್ಟಸ್ವಾಮಯ್ಯ ಮೇಷ್ಟ್ರ ಬಳಿ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದಳು. ಅವಳ ಹತ್ತಿರ ಹಳೆಯ ಕಾಲದ ರೇಂಜ್‌ಫೈಂಡರ್ ಕ್ಯಾಮೆರಾ ಒಂದಿತ್ತು. ಅದಕ್ಕೆ ಅಗಲ ನೋಟದ ಲೆನ್ಸ್ ಬೇಕಾಗಿತ್ತು. ಈ ಪ್ರಶ್ನೆಯನ್ನು ಅವಳು ಯುಗಾದಿಯಿಂದ ಕೇಳುತ್ತಿದ್ದಳು. ಈಗ ದಸರಾ ಹತ್ತಿರ ಬಂದಿತ್ತು. ಲೆನ್ಸುಗಳ ಬಗ್ಗೆ ಅವಳು ಓದದೆ ಬಿಟ್ಟದ್ದು ಏನೂ ಇರಲಿಲ್ಲ. ತೆಗೆದ ಫೋಟೋ ಮಾತ್ರ ಒಂದೂ ಇರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಕೂತುಕೋ. ಒಬ್ಬ ಫೋಟೋಗ್ರಾಫರನ ಕತೆ ಹೇಳುತ್ತೇನೆ" ಎಂದರು.

ತಿಪಟೂರಿನಲ್ಲಿ ಲಕ್ಷ್ಮೀಪತಿ ಎಂಬ ಫೋಟೋಗ್ರಾಫರ್ ಇದ್ದ. ಅದು ರೀಲಿನ ಕಾಲ. ಮದುವೆಗೆ, ನಾಮಕರಣಕ್ಕೆ ಜನ ಅವನನ್ನು ಕರೆಯುತ್ತಿದ್ದರು. ಅವನದೂ ರೇಂಜ್‌ಫೈಂಡರ್ ಕ್ಯಾಮೆರಾವೇ. ಆ ಕ್ಯಾಮೆರಾದಲ್ಲಿ ಕಣ್ಣಿಗೊಂದು ದಾರಿ, ರೀಲಿಗೊಂದು ದಾರಿ. ಫೋಟೋಗ್ರಾಫರ್ ಮೇಲಿನ ಪುಟ್ಟ ಕಿಟಕಿಯಿಂದ ನೋಡುತ್ತಾನೆ. ರೀಲು ಕೆಳಗಿನ ಲೆನ್ಸಿನಿಂದ ನೋಡುತ್ತದೆ.

ಛತ್ರಗಳು ಚಿಕ್ಕವು, ಸಂಸಾರಗಳು ದೊಡ್ಡವು. ಎಷ್ಟು ಹಿಂದೆ ಸರಿದರೂ ಯಾರಾದರೊಬ್ಬ ಸೋದರತ್ತೆ ಅರ್ಧ ಕತ್ತರಿಸಿ ಹೋಗುತ್ತಿದ್ದಳು. ಒಮ್ಮೆ ಹೀಗೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಲಕ್ಷ್ಮೀಪತಿ ಪಾಯಸದ ಕೊಪ್ಪರಿಗೆಯೊಳಗೆ ಕೂತುಬಿಟ್ಟ. ಸದ್ಯ, ಪಾಯಸ ಆರಿತ್ತು. ಎದ್ದು ಪಂಚೆ ಹಿಂಡಿಕೊಳ್ಳುವಾಗಲೇ ಅಗಲ ಲೆನ್ಸ್ ಕೊಳ್ಳಬೇಕೆಂದು ತೀರ್ಮಾನಿಸಿದ.

ಬೆಂಗಳೂರಿನ ಅಂಗಡಿಯವನು ಎರಡು ಲೆನ್ಸುಗಳನ್ನು ಮುಂದಿಟ್ಟ. ಒಂದು ಸುಣ್ಣದ ಡಬ್ಬಿಗಿಂತ ಸ್ವಲ್ಪ ದೊಡ್ಡದಿತ್ತು. ಅಡ್ಡ ಬೆಳಕು ಒಳಗೆ ಬೀಳದಂತೆ ಲೆನ್ಸಿನ ಮೂತಿಗೆ ಸಿಕ್ಕಿಸುವ ಮರೆಗೆ ಹುಡ್ ಎನ್ನುತ್ತಾರೆ. ಇದರ ಹುಡ್ಡೂ ಪುಟ್ಟದೇ. ಹಿಂದಿನಿಂದ ನೋಡುವ ಕಣ್ಣಿಗೆ ಅಡ್ಡವಾಗದಿರಲೆಂದು ಅದರಲ್ಲಿ ಸೀಳುಗಳನ್ನೂ ಬಿಟ್ಟಿದ್ದರು. ಇನ್ನೊಂದು ಲೆನ್ಸ್ ಚೊಂಬಿನಷ್ಟಿತ್ತು. ಅದರ ಹುಡ್ಡಿನ ಬಾಯಿ ಚೊಂಬಿಗಿಂತ ಅಗಲ.

"ಚಿಕ್ಕದನ್ನ ತಗೊಳ್ಳಿ ಸ್ವಾಮಿ. ದೊಡ್ಡದು ಕಿಟಕಿಗೆ ಅಡ್ಡ ಬರುತ್ತೆ. ಬಲಗಡೆ ಕೆಳಗಿನ ಮೂಲೆ ನಿಮ್ಮ ಕಣ್ಣಿಗೆ ಕಾಣೋದಿಲ್ಲ" ಎಂದ ಅಂಗಡಿಯವನು.

"ರೀಲಿಗೆ?"

"ರೀಲಿಗೆ ಎಲ್ಲಾ ಕಾಣುತ್ತೆ."

"ಮತ್ತಿನ್ನೇನು? ಆ ಮೂಲೇಲಿ ಜಮಖಾನದ ಅಂಚು ಬಿಟ್ಟು ಬೇರೇನಿರುತ್ತೆ? ಈ ಸುಣ್ಣದ ಡಬ್ಬಿ ಹಿಡ್ಕೊಂಡು ಹೋದ್ರೆ ಛತ್ರದಲ್ಲಿ ನನಗೆ ಯಾರು ದಾರಿ ಬಿಡ್ತಾರೆ?" ಎಂದ ಲಕ್ಷ್ಮೀಪತಿ. ದೊಡ್ಡದನ್ನೇ ಕೊಂಡ.

ಜನ ನಿಜವಾಗಿಯೂ ದಾರಿ ಬಿಟ್ಟರು. ವಾಲಗದವನು ತನ್ನ ನಾಗಸ್ವರದ ಬಾಯನ್ನೂ ಹುಡ್ಡಿನ ಬಾಯನ್ನೂ ಕಣ್ಣಲ್ಲೇ ಅಳೆದು ನೋಡಿ ಸಪ್ಪಗಾದ. ಲಕ್ಷ್ಮೀಪತಿಯ ನಡಿಗೆಯೇ ಬದಲಾಯಿತು.

ಅದೇ ತಿಂಗಳು ಶಿರಸ್ತೇದಾರ್ ಚಿಕ್ಕವೀರಯ್ಯನವರ ಮಗನ ಮದುವೆ. ಚಿಕ್ಕವೀರಯ್ಯನವರು ನಿವೃತ್ತರಾಗಿದ್ದರು, ಗತ್ತು ನಿವೃತ್ತಿಯಾಗಿರಲಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ಹೆಸರು ಕೇಳುವ ಮೊದಲೇ, "ನಮ್ಮ ಮನೇಲಿ ಶಿಸ್ತಿದೆ. ನಿನಗಿದೆಯಾ?" ಎಂದು ಕೇಳಿದ್ದರು. ಸರ್ವಮಂಗಳೆಯ ಕೈಯಲ್ಲಿದ್ದ ಕಾಫಿ ಅವರ ಪಂಚೆಯ ಮೇಲೆ ಚೆಲ್ಲಿತ್ತು. ಅಂದಿನಿಂದ ಮಾವನ ಕೆಮ್ಮು ಕೇಳಿದರೂ ಅವಳು ಬೆವರುತ್ತಿದ್ದಳು.

ಚಿಕ್ಕವೀರಯ್ಯನವರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ಸಿಹಿ ಮುಟ್ಟಕೂಡದೆಂದು ಹೇಳಿದ್ದರು. ನಾಲಿಗೆಯ ಹಿಡಿತದ ಬಗ್ಗೆ ಅವರು ಬಂದವರಿಗೆಲ್ಲ ಉಪದೇಶ ಮಾಡುತ್ತಿದ್ದರು. ಅವರ ಹೆಂಡತಿ ಗಿರಿಜಮ್ಮನವರು ಉಪದೇಶವನ್ನು ನಂಬದೆ ಅವರ ಕೈಗಳ ಮೇಲೇ ಕಣ್ಣಿಟ್ಟಿರುತ್ತಿದ್ದರು.

ಗುಂಪು ಫೋಟೋಗೆ ಕುರ್ಚಿ ಹಾಕಿದಾಗ ಎಲ್ಲರೂ ಶಿರಸ್ತೇದಾರರನ್ನು ನಡುವೆ ಕೂರಲು ಕರೆದರು. "ನನಗೆ ತುದಿಯ ಕುರ್ಚಿ ಸಾಕು" ಎಂದು ಅವರು ಲಕ್ಷ್ಮೀಪತಿಯ ಬಲಗಡೆಗೆ ಬರುವ ಕೊನೆಗೆ ಹೋಗಿ ಕೂತರು. ಎಷ್ಟು ದೊಡ್ಡ ಮನುಷ್ಯರು, ಎಷ್ಟು ಸರಳ ಎಂದು ಬೀಗರು ಮೆಚ್ಚಿಕೊಂಡರು. ಲಕ್ಷ್ಮೀಪತಿ ಕಿಟಕಿಗೆ ಕಣ್ಣಿಟ್ಟು, "ಎಲ್ಲರೂ ಇಲ್ಲೇ ನೋಡಿ" ಎಂದ. ಎಲ್ಲರೂ ನೋಡಿದರು. ಗಿರಿಜಮ್ಮನವರೂ ನೋಡಿದರು. ಅವನಿಗೆ ಗುಂಪು ಕಂಡಿತು, ಮೂಲೆಯಲ್ಲಿ ಹುಡ್ಡಿನ ಕಪ್ಪು ಅಂಚು ಕಂಡಿತು. ಒಂದರ ಮೇಲೊಂದು ಫೋಟೋ ತೆಗೆದ.

ಆಲ್ಬಮ್ ಮನೆಗೆ ಬಂದ ದಿನ ನೆಂಟರೆಲ್ಲ ಸುತ್ತ ಕೂತರು. ಮೊದಲ ಫೋಟೋದಲ್ಲಿ ಶಿರಸ್ತೇದಾರರ ಕೆನ್ನೆ ಊದಿತ್ತು. ಹಲ್ಲುನೋವಿರಬೇಕೆಂದು ಯಾರೋ ಮರುಗಿದರು. ಮುಂದಿನದರಲ್ಲಿ ಅವರ ಕೈ ಶಲ್ಯದೊಳಗಿತ್ತು. ಅದರ ಮುಂದಿನದರಲ್ಲಿ ಕೈ ಹೊರಗೆ ಬಂದಿತ್ತು, ಕೈಯಲ್ಲಿ ಲಾಡು ಇತ್ತು. ಅಗಲ ಲೆನ್ಸಿನಲ್ಲಿ ಮೂಲೆಗೆ ಬಿದ್ದದ್ದೆಲ್ಲ ಒಂದಿಷ್ಟು ಹಿಗ್ಗಿ ಕಾಣುತ್ತದೆ. ಲಾಡು ತೆಂಗಿನಕಾಯಿಯಂತೆ ಕಾಣುತ್ತಿತ್ತು.

ಹೆಂಡತಿಯ ಕಣ್ಣು ತಮ್ಮ ಮೇಲಿಲ್ಲದ ಗಳಿಗೆ ಇಡೀ ಮದುವೆಯಲ್ಲಿ ಅದೊಂದೇ ಎಂದು ಶಿರಸ್ತೇದಾರರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ರೀಲನ್ನು ಮಾತ್ರ ಮರೆತಿದ್ದರು.

ನೆಂಟರೆಲ್ಲ ಗಿರಿಜಮ್ಮನವರ ಮುಖ ನೋಡಿದರು. ಆಗ ಆ ಮನೆಗೆ ಬಂದಮೇಲೆ ದನಿ ಎತ್ತರಿಸಿ ಮಾತೂ ಆಡಿರದ ಸರ್ವಮಂಗಳೆ ಗೊಳ್ಳೆಂದು ನಕ್ಕುಬಿಟ್ಟಳು. ನಕ್ಕವಳೇ ಹೆದರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಿಕ್ಕವೀರಯ್ಯನವರು ಫೋಟೋವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ನಿಮ್ಮ ತಂದೆಗೆ ಹೇಳಮ್ಮ, ಲಾಡು ಚೆನ್ನಾಗಿತ್ತು ಅಂತ. ದ್ರಾಕ್ಷಿ ಮಾತ್ರ ಸ್ವಲ್ಪ ಕಮ್ಮಿ ಹಾಕಿದ್ರು" ಎಂದರು.

ಆ ದಿನದಿಂದ ಸರ್ವಮಂಗಳೆಗೆ ಮಾವನ ಭಯ ಹೋಯಿತು. ಗಿರಿಜಮ್ಮನವರು ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಊರು ಲಕ್ಷ್ಮೀಪತಿಯನ್ನು ಹೊಗಳಿತು. "ಏನು ಕಣ್ಣಪ್ಪಾ ನಿನ್ನದು! ಯಾರಿಗೂ ಕಾಣದ್ದು ನಿನಗೆ ಕಾಣುತ್ತೆ" ಎಂದರು. ಅವನು ತಲೆಯಾಡಿಸಿದ. ಅವನಿಗೆ ಕಂಡದ್ದು ಹುಡ್ಡು ಮಾತ್ರ ಎಂದು ಯಾರಿಗೂ ಹೇಳಲಿಲ್ಲ. ಆದರೆ ಒಳಗೊಳಗೇ ಚುಚ್ಚುತ್ತಿತ್ತು. ಕಾಣದೆ ತೆಗೆದದ್ದಕ್ಕೇ ಇಷ್ಟು ಹೆಸರು ಬಂದರೆ, ಕಂಡು ತೆಗೆದರೆ ಎಷ್ಟು ಬರಬಹುದು ಎಂದುಕೊಂಡ. ಬೆಂಗಳೂರಿಗೆ ಹೋಗಿ ದೊಡ್ಡ ಲೆನ್ಸ್ ಕೊಟ್ಟು ಚಿಕ್ಕದನ್ನು ತಂದ.

ಈಗ ಮೂಲೆ ತೆರೆಯಿತು. ಅಲ್ಲಿ ಒಂದು ಲೋಕವೇ ಇತ್ತು. ಒಬ್ಬ ಸೋದರಮಾವ ತೂಕಡಿಸುತ್ತಿದ್ದ. ಪುರೋಹಿತರೊಬ್ಬರು ಬಾಳೆಹಣ್ಣನ್ನು ಹಿಸುಕಿ ನೋಡುತ್ತಿದ್ದರು. ಗಂಡಹೆಂಡಿರು ಹಲ್ಲು ಕಚ್ಚಿಕೊಂಡೇ ಜಗಳವಾಡುತ್ತಿದ್ದರು. ಆದರೆ ಕಂಡಮೇಲೆ ಲಕ್ಷ್ಮೀಪತಿಗೆ ಸುಮ್ಮನಿರಲಾಗಲಿಲ್ಲ. "ಯಜಮಾನ್ರೇ, ಏಳಿ. ಸ್ವಾಮಿಗಳೇ, ಹಣ್ಣು ಬಿಡಿ. ಅಮ್ಮಾ, ಜಗಳ ಆಮೇಲೆ" ಎಂದು ಕೂಗುತ್ತಿದ್ದ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಪಾಸ್‌ಪೋರ್ಟಿಗೆ ಕೂತವರಂತೆ ಕೂರುತ್ತಿದ್ದರು. ಆಲ್ಬಮ್ ತೆರೆದವರು ಆಕಳಿಸಿ ಮುಚ್ಚುತ್ತಿದ್ದರು. ಕರೆಗಳು ಕಡಿಮೆಯಾದವು.

ದೊಡ್ಡ ಲೆನ್ಸಿನಲ್ಲೇ ಏನೋ ದೈವವಿತ್ತು ಎಂದು ಅವನು ಮತ್ತೆ ಅಂಗಡಿಗೆ ಓಡಿದ.

"ಅದು ಮಾರಿಹೋಯ್ತು ಸ್ವಾಮಿ. ಅದಕ್ಕಿಂತ ದೊಡ್ಡದೊಂದಿದೆ, ಕೊಡಲಾ?" ಎಂದ ಅಂಗಡಿಯವನು.

ಲಕ್ಷ್ಮೀಪತಿ ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ನೋಡಿದ. ಹುಡ್ಡಿನೊಳಗೆ ಮುಷ್ಟಿ ಹೋಗುತ್ತಿತ್ತು. ಕಿಟಕಿಯಲ್ಲಿ ಮೂಲೆಯಿರಲಿ, ಅರ್ಧ ಅಂಗಡಿಯೇ ಮಾಯವಾಗಿತ್ತು. ಬೇಡವೆಂದು ಬರಿಗೈಯಲ್ಲಿ ಬಂದ.

ಸ್ವಲ್ಪ ದಿನಕ್ಕೆ ಶಿರಸ್ತೇದಾರರ ಮನೆಯಿಂದ ಕರೆ ಬಂತು. ಸರ್ವಮಂಗಳೆಯ ಮಗುವಿನ ನಾಮಕರಣ. ಅಲ್ಲೂ ಗುಂಪು ಫೋಟೋ. ಅಲ್ಲೂ ಚಿಕ್ಕವೀರಯ್ಯನವರದು ತುದಿಯ ಕುರ್ಚಿಯೇ. ಈ ಸಲ ಗಿರಿಜಮ್ಮನವರು ಗಂಡನ ಶಲ್ಯವನ್ನು ಮೊದಲೇ ಕೊಡವಿ ನೋಡಿ, ಪಕ್ಕದಲ್ಲೇ ಕೂತಿದ್ದರು. ಸೊಸೆ ಮಗುವನ್ನೆತ್ತಿಕೊಂಡು ಮಾವನ ಹಿಂದೆ ನಿಂತಿದ್ದಳು.

"ಎಲ್ಲರೂ ಇಲ್ಲೇ ನೋಡಿ" ಎಂದ ಲಕ್ಷ್ಮೀಪತಿ.

ಎಲ್ಲರೂ ನೋಡಿದರು. ಆಗ ಮಗುವಿನ ಹೊದಿಕೆಯಿಂದ ಸೊಸೆಯ ಕೈ ಹೊರಗೆ ಬಂತು. ಅದರಲ್ಲಿ ಲಾಡಿನ ಪುಟ್ಟ ಚೂರಿತ್ತು. ಮಾವ ಮುಖ ಅಲುಗಿಸದೆ ಅಂಗೈಯನ್ನು ಹಿಂದಕ್ಕೆ ಚಾಚಿದರು.

"ಅಮ್ಮಾ, ಕೈ..." ಎಂಬ ಮಾತು ಲಕ್ಷ್ಮೀಪತಿಯ ಗಂಟಲಿಗೆ ಬಂತು. ಅಷ್ಟರಲ್ಲಿ ಸರ್ವಮಂಗಳೆ ಅವನನ್ನೇ ನೋಡಿದಳು. ಶಿರಸ್ತೇದಾರರೂ ನೋಡಿದರು. ತಾಲ್ಲೂಕನ್ನೆಲ್ಲ ನಡುಗಿಸಿದ್ದ ಮನುಷ್ಯ ಕಣ್ಣಿನಲ್ಲೇ ಕೈಮುಗಿಯುತ್ತಿದ್ದರು. ಒಂದು ಮಾತು ಹೊರಬಿದ್ದರೆ ಗಿರಿಜಮ್ಮನವರು ತಿರುಗುತ್ತಿದ್ದರು.

ಲಕ್ಷ್ಮೀಪತಿ ಮಾತು ನುಂಗಿದ. ಗುಂಡಿ ಒತ್ತಿದ.

ಆ ಫೋಟೋ ಆಲ್ಬಮ್ಮಿಗೆ ಹೋಗಲಿಲ್ಲ. ಅದನ್ನು ಅವನು ಸರ್ವಮಂಗಳೆಯ ಕೈಗೇ ಕೊಟ್ಟ. ತಾನು ಕಂಡದ್ದನ್ನು ಕಂಡಂತೆಯೇ ತೆಗೆದ ಮೊದಲ ಫೋಟೋ ಅದು ಎಂದು ಅವನಿಗೆ ಗೊತ್ತಿತ್ತು.

ಮೇಷ್ಟ್ರು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ಚಿಕ್ಕ ಲೆನ್ಸೇ ಸರಿ" ಎಂದಳು ದೇವಿಕಾ. "ಹುಡ್ ವಿಷಯ ನೀವು ಹೇಳಲೇ ಇಲ್ಲ ಮೇಷ್ಟ್ರೇ. ನಾಮಕರಣದ ದಿನ ಅವನು ಹುಡ್ ಹಾಕಿದ್ದನೋ, ಇಲ್ಲವೋ?"

"ಹಾಕಿದ್ದನಮ್ಮ, ಬಾಯಿಗೆ" ಎಂದರು ಮೇಷ್ಟ್ರು.

ದೇವಿಕಾ ಇನ್ನೇನೋ ಕೇಳಲು ತುಟಿ ತೆರೆದಳು. ಕೇಳದೆ ಕ್ಯಾಮೆರಾ ಕೈಗೆತ್ತಿಕೊಂಡಳು.