ಹೆಣ ಸಾಗಿಸುವ ಗುತ್ತಿಗೆ

ಸೀಳುನಾಯಿಗಳೊಡನೆ ಯುದ್ಧ ಶುರುವಾದಾಗ, ಜಿಂಕೆಗಳ ಸರ್ಕಾರವು ಸತ್ತವರನ್ನು ಸಾಗಿಸುವ ಗುತ್ತಿಗೆಯನ್ನು ಕತ್ತೆಕಿರುಬನಿಗೆ ಕೊಟ್ಟಿತು. ಅವನು ಕೂಲಿ ಕೇಳಲಿಲ್ಲ, ಹೆಣಗಳೇ ಸಾಕೆಂದ. ಅಷ್ಟೇ ಅಲ್ಲ, ಜಿಂಕೆಗಳ ಒಡೆಯನಿಗೆ ತನ್ನ ಗುಹೆಯಲ್ಲೇ ಭದ್ರವಾದ ಜಾಗ ಮಾಡಿಕೊಟ್ಟ.

ಮೂರನೆಯ ತಿಂಗಳು ಸೀಳುನಾಯಿಗಳು ಸಂಧಿಗೆ ಹೇಳಿಕಳಿಸಿದವು. ಒಡೆಯ ಒಪ್ಪಲಿಲ್ಲ. ಆಗ, ಇಬ್ಬರು ಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡಿದ್ದ ಮುದಿ ಜಿಂಕೆಯೊಬ್ಬಳು ಸಭೆಯಲ್ಲಿ ಎದ್ದು ನಿಂತಳು.

"ಒಡೆಯರೇ, ಯುದ್ಧ ನಿಂತರೆ ಕತ್ತೆಕಿರುಬನಿಗೆ ಊಟವಿಲ್ಲ. ಅವನ ಗುಹೆಯಲ್ಲಿ ಮಲಗುವ ತಾವು ಯುದ್ಧ ನಿಲ್ಲಿಸುವುದು ಹೇಗೆ?"

ಒಡೆಯ ಉತ್ತರ ಕೊಡುವ ಮೊದಲು ತನ್ನ ಹಿಂದೆ ಕೂತಿದ್ದ ಕತ್ತೆಕಿರುಬನತ್ತ ತಿರುಗಿದ. ಕತ್ತೆಕಿರುಬ ಆಗಲೇ ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದ.

"ಅಮ್ಮನವರಿಗೆ ನಾಡಿನ ಮೇಲೆ ಬಹಳ ಕಾಳಜಿ," ಎಂದ ಒಡೆಯ. "ನಾಳೆ ಎಲ್ಲರಿಗಿಂತ ಮುಂದೆ ಅವರೇ ನಿಂತು ಹೋರಾಡಲಿ. ಇದಕ್ಕೆ ಯಾರದಾದರೂ ಆಕ್ಷೇಪವಿದೆಯೇ?"

ಮುದುಕಿ ಸುತ್ತ ನೋಡಿದಳು. ಇಡೀ ಹಿಂಡು ತಲೆ ತಗ್ಗಿಸಿ ಮೇಯತೊಡಗಿತ್ತು. ಅವರೆಲ್ಲ ನಿಂತಿದ್ದುದು ಒಂದೇ ಒಂದು ಗರಿಕೆಯೂ ಇಲ್ಲದ ಬಂಡೆಯ ಮೇಲೆ.