ಐದರಲ್ಲಿ ಹೊತ್ತಿಕೊಳ್ಳದ ಒಂದು

ವೇಳೆ: ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ಹವೆ: ಆಕಾಶ ನಿರ್ಮಲ, ಪಡುವಣ ಗಾಳಿ ಮಂದ. ಕೀಲಿ ಹಿಡಿದವರು: ಗುರು ಮರುಳಾರಾಧ್ಯರು. ಹಾಜರಿದ್ದವರು: ಅಂಬಿಗ ದುರುಗಪ್ಪ, ಶಿಷ್ಯೆ ಪಂಪಾವತಿ.

ಹೊಳೆದಂಡೆಯ ಆ ಆಶ್ರಮದಲ್ಲಿ ರಾಕೆಟ್ಟು ಹಾರುವ ಮುನ್ನ ಇಷ್ಟನ್ನು ದಫ್ತರದಲ್ಲಿ ಬರೆಯಲೇಬೇಕು. ಹಾರಿದ ಮೇಲೆ ಗುರುಗಳು ತೀರ್ಪನ್ನು ಬಾಯಿಬಿಟ್ಟು ಹೇಳುತ್ತಾರೆ. ಶಿಷ್ಯರು ಅದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಾರೆ.

ಕೀಲಿ ಎಂದರೆ ಬೆರಳುದ್ದದ ಒಂದು ಹಿತ್ತಾಳೆ ತುಂಡು. ಅದನ್ನು ಪೆಟ್ಟಿಗೆಗೆ ಹಾಕಿ ತಿರುಗಿಸದೆ ಬ್ಯಾಟರಿಯ ಕಿಡಿ ಎಂಜಿನಿಗೆ ಹರಿಯದು. ಹನ್ನೊಂದು ವರ್ಷಗಳಿಂದ ಅದು ಗುರುಗಳ ಕೊರಳ ದಾರದಿಂದ ಇನ್ನೊಬ್ಬರ ಕೈಗೆ ಇಳಿದಿರಲಿಲ್ಲ. ಅದನ್ನು ಪಡೆದವರು ತಾವೇ ಹಾರಿಸಬಹುದು, ತಾವೇ ಕಲಿಸಬಹುದು. ಪಂಪಾವತಿಗೆ ಬೇಕಾಗಿದ್ದುದು ಅದೊಂದೇ.

ಆ ದಿನದ ರಾಕೆಟ್ಟು ಅವಳ ಸ್ವಂತ ಕೈಕೆಲಸ. ಎದೆಮಟ್ಟದ ಕಾಗದದ ಕೊಳವೆ, ಹಗುರ ಮರದ ರೆಕ್ಕೆಗಳು, ಬುಡದಲ್ಲಿ ಐದು ಎಂಜಿನುಗಳು: ನಡುವೆ ಒಂದು, ಸುತ್ತ ನಾಲ್ಕು. ಒಂದಕ್ಕಿಂತ ಹೆಚ್ಚು ಎಂಜಿನನ್ನು ಕೂಡಿಸಿ ಕಟ್ಟಿದವರು ಅದುವರೆಗೆ ಆ ಆಶ್ರಮದಲ್ಲಿರಲಿಲ್ಲ. ಅವಳು ಅದನ್ನು ಹಾರಿಸುವ ಕಂಬಿಗೆ ಏರಿಸಿದ ರೀತಿಯಲ್ಲೇ ಆ ಹೆಮ್ಮೆ ಗೊತ್ತಾಗುತ್ತಿತ್ತು.

ಗುರುಗಳು ಒಂದೇ ಮಾತು ಕೇಳಿದರು.

“ಐದರಲ್ಲಿ ಯಾವುದು ಹೊತ್ತಿಕೊಳ್ಳುವುದಿಲ್ಲ?”

“ಐದೂ ಹೊತ್ತಿಕೊಳ್ಳುತ್ತವೆ, ಗುರುಗಳೇ.”

ಗುರುಗಳು ಕೀಲಿ ತಿರುಗಿಸಿದರು.

ನಾಲ್ಕು ಹೊತ್ತಿಕೊಂಡವು. ಹೊಳೆಯ ಕಡೆಯದು ಹೊತ್ತಿಕೊಳ್ಳಲಿಲ್ಲ. ರಾಕೆಟ್ಟು ತೆಂಗಿನ ಮರದೆತ್ತರ ಏರುವ ಮೊದಲೇ ಸತ್ತ ಎಂಜಿನಿನ ಕಡೆಗೆ ಹೊರಳಿತು. ಕಿರುಚಿಕೊಂಡು ಬಂದು, ದಡದಲ್ಲಿ ಕಟ್ಟಿದ್ದ ದುರುಗಪ್ಪನ ಖಾಲಿ ಹರಿಗೋಲಿನ ತಳಕ್ಕೆ ನಾಟಿ ನಿಂತಿತು.

ದುರುಗಪ್ಪ ತೂತಿನೊಳಗೆ ಬೆರಳಿಟ್ಟು ನೋಡಿದ.

“ಏನ್ ತಂಗೆವ್ವಾ, ಬಾಣ ಬಿಡಾಕ ಅಷ್ಟು ದೊಡ್ಡ ಆಕಾಶ ಸಾಲಲಿಲ್ಲೇನು?”

“ಕಿಡಿಯ ತಂತಿ ಕೆಟ್ಟಿತ್ತು, ಗುರುಗಳೇ,” ಎಂದಳು ಪಂಪಾವತಿ. “ರಾಕೆಟ್ಟಿನ ತಪ್ಪಲ್ಲ.”

“ತೀರ್ಪು ಬರೆದುಕೋ,” ಎಂದರು ಗುರುಗಳು. “ಹರಿಗೋಲಿಗೆ ತೂತು ಬಿತ್ತು. ಮಾಡಿದವಳು ತಂತಿಯನ್ನು ದೂರಿದಳು.”

ಬರೆಯುವಾಗ ಅವಳ ಕಿವಿ ಬಿಸಿಯಾಗಿತ್ತು. ಆದರೂ ಅಕ್ಷರ ಗುಂಡಗೇ ಬಂದವು. ವಕ್ರವಾಗಿ ಬರೆದರೆ ಗುರುಗಳು ಪುಟವನ್ನೇ ಮತ್ತೆ ಬರೆಸುತ್ತಿದ್ದರು.

ಅಂದೇ ಡಾಂಬರು ಕಾಯಿಸಿ ಹರಿಗೋಲಿಗೆ ತೇಪೆ ಹಾಕಿದಳು. ಮಾರನೆಯ ದಿನದಿಂದ ತಂತಿಯ ಬೆನ್ನು ಹತ್ತಿದಳು. ಪ್ರತಿಯೊಂದನ್ನೂ ಅಳೆದಳು, ಒರೆಸಿದಳು, ತಾನೇ ಸುತ್ತಿದಳು. ಐದೈದನ್ನು ಜೊತೆಗೂಡಿಸಿ, ಗುರುಗಳ ಕಣ್ಣೆದುರಿನಲ್ಲೇ ನೆಲದ ಮೇಲೆ ಪರೀಕ್ಷಿಸಿದಳು. ತಿಂಗಳು ತುಂಬಿದಾಗ ದಫ್ತರ ಹಿಡಿದು ಅವರ ಮುಂದೆ ನಿಂತಳು.

“ಇಪ್ಪತ್ತು ಸಲ ಪರೀಕ್ಷೆ, ಗುರುಗಳೇ. ನೂರು ತಂತಿ. ನೂರೂ ಹೊತ್ತಿಕೊಂಡಿವೆ.”

ಗುರುಗಳು ನೂರು ಸಾಲನ್ನೂ ಬೆರಳಿಟ್ಟು ಓದಿದರು. ಒಂದು ಕಡೆ ತಾರೀಖು ತಪ್ಪಿತ್ತು. ತಿದ್ದಿಸಿದರು.

“ಕೆಲಸ ಚೊಕ್ಕವಾಗಿದೆ. ಐದರಲ್ಲಿ ಯಾವುದು ಹೊತ್ತಿಕೊಳ್ಳುವುದಿಲ್ಲ?”

“ಯಾವುದೂ ಇಲ್ಲವೆಂದೇ ಹೇಳುತ್ತಿದ್ದೇನಲ್ಲ!”

“ಹಾಗಾದರೆ ರಾಕೆಟ್ಟು ಸಿದ್ಧವಾಗಿಲ್ಲ.”

ಪಂಪಾವತಿಗೆ ಸಿಟ್ಟು ನೆತ್ತಿಗೇರಿತು. ಗುರುಗಳ ಮುಂದೆ ದನಿ ಏರಿಸಿದ್ದು ಅದೇ ಮೊದಲು.

“ನೂರಕ್ಕೆ ನೂರು ಸಾಲದೆ? ಇನ್ನೇನು ತರಬೇಕು ನಾನು?”

“ಆಚೆ ದಡದಿಂದ ಒಂದು ಹಿಡಿ ಮರಳು,” ಎಂದರು ಗುರುಗಳು. “ಹುಟ್ಟು ನೀನೇ ಹಾಕು. ದುರುಗಪ್ಪ ಸುಮ್ಮನೆ ಕೂತಿರಲಿ.”

ಹರಿಗೋಲು ದುಂಡಗಿನದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಇರುವ ಹುಟ್ಟೂ ಒಂದೇ. ಪಂಪಾವತಿ ಬಲಗಡೆಯಿಂದ ಬಲವಾಗಿ ಹುಟ್ಟು ಹಾಕಿದಳು. ಹರಿಗೋಲು ಗಿರ್ರನೆ ಒಂದು ಸುತ್ತು ಬಂತು. ಇನ್ನೂ ಬಲವಾಗಿ ಹಾಕಿದಳು. ಎರಡು ಸುತ್ತು ಬಂತು.

ದುರುಗಪ್ಪ ಎಲೆಅಡಿಕೆ ಜಗಿಯುತ್ತಾ ಆರಾಮವಾಗಿ ಕೂತಿದ್ದ.

“ಮರಳು ತರಾಕ ಹೊಂಟೇವೋ, ಗಿರಿಗಿಟ್ಲಿ ಆಡಾಕ ಬಂದೇವೋ?”

“ನಿನ್ನ ಕೈಯಲ್ಲಿ ನೆಟ್ಟಗೆ ಹೋಗುತ್ತದಲ್ಲ, ದುರುಗಪ್ಪಣ್ಣ! ನಿನಗೂ ಹುಟ್ಟು ಒಂದೇ ತಾನೆ?”

“ಹುಟ್ಟು ಒಂದ ಸಾಕವ್ವಾ. ನೀ ಅದನ್ನ ಬಾಜೂಕ ಎಳೀತಿ, ಅದಕ್ಕ ತಿರಗತೈತಿ.” ಅವನು ಅವಳ ಕೈಯಿಂದ ಹುಟ್ಟನ್ನು ತೆಗೆದುಕೊಂಡು, ಮುಂದಕ್ಕೆ ಬಾಗಿ ನೀರಿಗಿಳಿಸಿ, ತನ್ನ ಹೊಟ್ಟೆಯ ಕಡೆಗೆ ಎಳೆದುಕೊಂಡ. ಹರಿಗೋಲು ಗೆರೆ ಎಳೆದಂತೆ ಸಾಗಿತು. “ನೋಡು. ಯಾ ಬದಿಯಿಂದ ಎಳದ್ರೂ ನಡೀತೈತಿ. ಎಳತ ಮಾತ್ರ ನಟ್ಟನಡುವ ಹಾಯಬೇಕು.”

ಪಂಪಾವತಿ ಹುಟ್ಟನ್ನೇ ನೋಡುತ್ತಾ ಕೂತಳು. ಹರಿಗೋಲು ಆಚೆ ದಡ ಮುಟ್ಟಿದ್ದು ಅವಳಿಗೆ ತಿಳಿಯಲಿಲ್ಲ.

“ಇಳಿಯವ್ವಾ. ಮರಳು.”

“ಮರಳು ಇರಲಿ, ಅಣ್ಣ. ತಿರುಗಿಸು, ಬೇಗ!”

“ಅಜ್ಜಾರು ಒಂದು ಹಿಡಿ ಅಂದಾರ. ಬರಿಗೈಲೆ ಹೋದ್ರ ಇನ್ನೊಮ್ಮಿ ಕಳಸ್ತಾರ ನೋಡು.”

ಅವಳು ಇಳಿದು ಮರಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಗುರುಗಳು ಅದನ್ನು ತೆಗೆದುಕೊಂಡು ಶಾಯಿ ಆರಿಸುವ ಡಬ್ಬಿಗೆ ಸುರಿದರು.

ಅವಳು ಹಳೆಯ ಬುಡವನ್ನು ಕಿತ್ತು ಹಾಕಿದಳು. ಎಂಜಿನು ತುಂಬಿದ ಭಾರಕ್ಕೆ ಸರಿದೂಗುವ ಡಮ್ಮಿ ತೂಕ ಕಟ್ಟಿ, ರಾಕೆಟ್ಟನ್ನು ದಾರದಲ್ಲಿ ತೂಗುಹಾಕಿದಳು. ಅದು ತಕ್ಕಡಿಯ ಕೋಲಿನಂತೆ ಅಡ್ಡಡ್ಡ ನಿಂತ ಜಾಗವೇ ತೂಕದ ನಡು. ಅಲ್ಲಿಗೆ ಕೆಂಪು ಗೆರೆ ಹಾಕಿದಳು. ಸುತ್ತಲಿನ ನಾಲ್ಕು ಎಂಜಿನುಗಳ ತಲೆಯನ್ನು ಒಳಕ್ಕೆ ವಾಲಿಸಿ, ಬಾಯನ್ನು ಚೂರು ಹೊರಕ್ಕೆ ತಿರುಗಿಸಿದಳು. ಯಾವ ಎಂಜಿನು ನೂಕಿದರೂ ಆ ನೂಕು ಕೆಂಪು ಗೆರೆಯ ನಡುವೆಯೇ ಹಾಯಬೇಕು. ಹಾಗೆ ವಾಲಿಸಿದರೆ ಎತ್ತರ ಒಂದಿಷ್ಟು ಕಡಿಮೆಯಾಗುತ್ತದೆ. ಮೊದಲಾಗಿದ್ದರೆ ಅದಕ್ಕೆ ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ಮೂರು ಬುಡ ಕೆಟ್ಟವು. ನಾಲ್ಕನೆಯದು ಅಳತೆಗೆ ಕೂತಿತು.

ಮತ್ತೆ ಹಾರಿಸುವ ಬೆಳಗು ಗುರುಗಳು ದಫ್ತರವನ್ನು ಅವಳ ಮುಂದಿಟ್ಟರು. ಅವಳು ಬರೆದಳು. ವೇಳೆ: ಆರು ಗಂಟೆ ನಲವತ್ತು ನಿಮಿಷ. ಹವೆ: ತೆಳು ಮೋಡ, ಗಾಳಿ ಇಲ್ಲ. ಕೀಲಿ ಹಿಡಿದವರು: ಗುರು ಮರುಳಾರಾಧ್ಯರು. ಹಾಜರಿದ್ದವರು: ಅಂಬಿಗ ದುರುಗಪ್ಪ, ಶಿಷ್ಯೆ ಪಂಪಾವತಿ.

“ಐದರಲ್ಲಿ ಯಾವುದು ಹೊತ್ತಿಕೊಳ್ಳುವುದಿಲ್ಲ?”

“ತಾವು ಯಾವುದನ್ನು ಹೇಳಿದರೆ ಅದು, ಗುರುಗಳೇ.”

ಗುರುಗಳು ಅಂಬಿಗನ ಕಡೆ ತಿರುಗಿದರು.

“ದುರುಗಪ್ಪ, ತೂತು ಬಿದ್ದದ್ದು ನಿನ್ನ ಹರಿಗೋಲಿಗೆ. ನೀನೇ ಹೇಳು.”

“ಹೊಳೀ ಕಡೀದು,” ಎಂದ ದುರುಗಪ್ಪ, ತಡಮಾಡದೆ.

“ಹರಿಗೋಲು ಇವತ್ತೂ ಅಲ್ಲೇ ಕಟ್ಟಿದೆಯಲ್ಲ, ಅಣ್ಣ,” ಎಂದಳು ಪಂಪಾವತಿ. “ಬಿಚ್ಚಿ ಆಚೆ ಒಯ್ಯಬಾರದೆ?”

“ಯಾಕ, ನಂಬಿಕಿ ಇಲ್ಲೇನು?”

ಅವಳು ರಾಕೆಟ್ಟಿನ ಬಳಿ ಹೋಗಿ, ಹೊಳೆಯ ಕಡೆಯ ಎಂಜಿನಿನ ತಂತಿಯನ್ನು ತನ್ನ ಕೈಯಾರೆ ಎಳೆದು ತೆಗೆದಳು. ಮೂವರೂ ಬಂಡೆಯ ಹಿಂದೆ ಸರಿದು ನಿಂತರು.

ಗುರುಗಳು ಕೀಲಿ ತಿರುಗಿಸಿದರು.

ನಾಲ್ಕೂ ಒಂದೇ ಉಸಿರಿಗೆ ಹೊತ್ತಿಕೊಂಡವು. ರಾಕೆಟ್ಟು ಕಂಬಿ ಬಿಟ್ಟಿತು. ಹೊಳೆಯ ಕಡೆಗೆ ಒಂದು ಗೇಣು ಸರಿಯಿತು. ಅದು ಸರಿಯಿತೇ ಹೊರತು ಹೊರಳಲಿಲ್ಲ. ತೆಂಗಿನ ಮರಗಳನ್ನು ದಾಟಿತು. ಆಚೆಯ ಗುಡ್ಡದ ಎತ್ತರವನ್ನು ದಾಟಿತು. ಮೋಡದ ಕೆಳಗೆ ಒಂದು ಚುಕ್ಕೆಯಾಯಿತು. ಅಲ್ಲಿ ಕೆಂಪು ಪ್ಯಾರಾಶೂಟು ಬಿಚ್ಚಿಕೊಂಡಿತು.

“ಹೋತು! ನೆಟ್ಟಗ ಹೋತಲ್ಲೋ ಯಪ್ಪಾ!” ದುರುಗಪ್ಪ ರುಮಾಲು ಕಿತ್ತು ಗಾಳಿಗೆ ಬೀಸಿದ. “ನಮ್ಮ ತಂಗೆವ್ವನ ಬಾಣ!”

ಪಂಪಾವತಿ ಗುರುಗಳ ಕಡೆ ನೋಡಿದಳು. ಅವರು ಇನ್ನೂ ತಲೆ ಎತ್ತಿಯೇ ನಿಂತಿದ್ದರು. ಒಂದು ಮಡಿಕೆಯೂ ಕದಲದಂತೆ ಹೊದೆಯುತ್ತಿದ್ದ ಅವರ ಶಲ್ಯ ಹೆಗಲಿನಿಂದ ಜಾರಿ ಮಣ್ಣಿಗೆ ಬಿದ್ದಿತ್ತು. ಅವರಿಗೆ ಅದರ ಅರಿವಿರಲಿಲ್ಲ.

ದುರುಗಪ್ಪ ಹೊಳೆಯಿಂದ ರಾಕೆಟ್ಟನ್ನು ಎತ್ತಿ ತಂದ. ನಾಲ್ಕು ಎಂಜಿನುಗಳ ಬಾಯಿ ಕಪ್ಪಾಗಿತ್ತು. ಒಂದು ಹೊಸದರಂತೆಯೇ ಇತ್ತು.

ಅವಳು ದಫ್ತರ ತೆರೆದು ಲೇಖನಿ ಹಿಡಿದಳು.

“ತೀರ್ಪು, ಗುರುಗಳೇ?”

ಗುರುಗಳು ಕೊರಳಿಗೆ ಕೈ ಹಾಕಿ ದಾರವನ್ನು ತೆಗೆದರು. ಕೀಲಿಯನ್ನು ತೆರೆದ ಪುಟದ ಮೇಲಿಟ್ಟರು.

“ಬರೆದುಕೋ. ನಾಲ್ಕರಲ್ಲಿ ನೆಟ್ಟಗೆ ಏರಿತು. ನಾಳೆಯ ಪುಟದಲ್ಲಿ ಕೀಲಿ ನಿನ್ನ ಹೆಸರಿಗೆ. ಹಾಜರಿದ್ದವರು, ಮೊದಲು ದುರುಗಪ್ಪ. ಅವನ ಕೆಳಗೆ ನಾನು.”