ತಳ ಸವೆದ ತಂಬಿಗೆ

"ಗುರುಗಳೇ, ನಮಗೆ ಕಷ್ಟವಿತ್ತು, ಆದರೂ ನಾವು ನಡುಗಲಿಲ್ಲ. ನಮ್ಮ ಮಕ್ಕಳಿಗೆ ಕಷ್ಟವೇ ಇಲ್ಲ, ಆದರೂ ನಡುಗುತ್ತಾರೆ. ಇದು ಹೇಗೆ?"

ಕೇಳಿದವನು ಪಾಲಾಕ್ಷ. ಪ್ರತಿ ಶನಿವಾರ ಸಂಜೆ ಗುರುಗಳ ಜಗಲಿಗೆ ಬರುವ ಶಿಷ್ಯರಲ್ಲಿ ಅವನದೇ ಎಲ್ಲರಿಗಿಂತ ಕಡಿಮೆ ಮಾತು. ಅಂದು ಮಾತ್ರ ಶುರುವಾದದ್ದು ನಿಲ್ಲಲಿಲ್ಲ.

ಅವನ ಮಗಳು ಇಂಪನಾ ಒಂಬತ್ತನೇ ತರಗತಿ. ಅವಳಿಗೆಂದೇ ಒಂದು ಕೋಣೆ ಇದೆ, ಮೇಜು ಇದೆ, ಫ್ಯಾನು ಇದೆ. ಓದುವಾಗ ಒಂಟಿ ಅನ್ನಿಸದಿರಲಿ ಎಂದು ಪಾಲಾಕ್ಷ ತಾನೂ ಒಂದು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾನೆ. ಶಾಲೆಯವರು ವಾರವಾರವೂ ಅಂಕಗಳನ್ನು ಮೊಬೈಲಿಗೆ ಕಳಿಸುತ್ತಾರೆ. ಅವನು ಅವನ್ನು ಮನೆಮಂದಿಯ ಗುಂಪಿಗೆ ಹಾಕುತ್ತಾನೆ. ಹತ್ತು ನಿಮಿಷದೊಳಗೆ ಅಜ್ಜ, ಸೋದರತ್ತೆ, ಚಿಕ್ಕಪ್ಪ ಎಲ್ಲರೂ ಫೋನು ಮಾಡಿ ಅವಳಿಗೆ ಧೈರ್ಯ ಹೇಳುತ್ತಾರೆ. ಇಷ್ಟಿದ್ದೂ ಲೆಕ್ಕ ಬಿಡಿಸಲು ಕೂತರೆ ಹುಡುಗಿಯ ಕೈ ನಡುಗುತ್ತದೆ. ನಿನ್ನೆ ಪೆನ್ನು ಕೆಳಗಿಟ್ಟು, "ಅಪ್ಪಾ, ಮುಂದಿನ ವರ್ಷ ನನ್ನನ್ನು ಹಾಸ್ಟೆಲಿಗೆ ಹಾಕಿಬಿಡು" ಎಂದಳು.

"ಹಾಸ್ಟೆಲಿಗೆ, ಗುರುಗಳೇ! ಒಂದು ಕೋಣೆಗೆ ಎಂಟು ಜನ. ಸಾರಿನಲ್ಲಿ ಬೇಳೆ ಹುಡುಕಬೇಕು. ಸೋಮವಾರವೇ ಅರ್ಜಿಗೆ ಕೊನೆಯ ದಿನ, ಹಾಳೆ ಜೇಬಿನಲ್ಲೇ ಇದೆ. ಕೊಟ್ಟರೆ ಮಗಳು ಮನೆ ಬಿಟ್ಟು ಹೋಗುತ್ತಾಳೆ. ಕೊಡದಿದ್ದರೆ ನಡುಗುತ್ತಾಳೆ. ನಾನು ಅವಳ ವಯಸ್ಸಿನಲ್ಲಿ ಸಗಣಿ ಬಾಚಿ, ಎಮ್ಮೆ ಮೈ ತೊಳೆದು, ನಾಲ್ಕು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆ. ನನಗೇನಾಯಿತು?"

"ನಾಲ್ಕೇ ಮೈಲಿಯೇ?" ಎಂದರು ಗುರುಗಳು, ಬಹಳ ಕನಿಕರದಿಂದ. "ಪಾಪ, ಸುಖದಲ್ಲಿ ಬೆಳೆದವನು ನೀನು. ನಮ್ಮ ಶಾಲೆ ಎಷ್ಟು ದೂರವಿತ್ತೆಂದರೆ, ಒಂದನೇ ತರಗತಿಗೆ ಸೇರಲು ಮನೆ ಬಿಟ್ಟ ಹುಡುಗ ಅಲ್ಲಿಗೆ ಮುಟ್ಟುವಾಗ ಅವನಿಗೆ ನಾಲ್ಕನೇ ತರಗತಿಯ ವಯಸ್ಸಾಗಿರುತ್ತಿತ್ತು. ಮಾಸ್ತರರ ಬೆತ್ತ ಎಷ್ಟು ಉದ್ದವಿತ್ತೆಂದರೆ, ಶಾಲೆ ತಪ್ಪಿಸಿದವನಿಗೆ ಅವನ ಮನೆಯಲ್ಲೇ ಏಟು ಬೀಳುತ್ತಿತ್ತು. ಹಸಿವಂತೂ ಹೇಳಬೇಡ. ಮಗ್ಗಿ ಪುಸ್ತಕದಲ್ಲಿ ಹನ್ನೆರಡರಿಂದ ಮುಂದಿನದ್ದನ್ನೆಲ್ಲ ನಾನು ತಿಂದುಬಿಟ್ಟಿದ್ದೆ. ಇವತ್ತಿಗೂ ಹದಿಮೂರರ ಮಗ್ಗಿ ಬಾರದಿರುವುದು ಅದಕ್ಕೇ."

ಶಿಷ್ಯರೆಲ್ಲ ನಕ್ಕರು. ಪಾಲಾಕ್ಷ ನಗಲಿಲ್ಲ. ಗುರುಗಳು ಅದನ್ನು ಕಂಡರು. ತಾವೂ ನಗು ನಿಲ್ಲಿಸಿದರು.

"ನಿನಗೇನೂ ಆಗಲಿಲ್ಲ, ಒಪ್ಪಿದೆ. ಏನಾದರೂ ಆದವರು ಇಲ್ಲಿಗೆ ಬಂದು ಹೇಳುವುದಿಲ್ಲವಲ್ಲ. ಮುಳುಗಿದವನು ಬಡಾಯಿ ಕೊಚ್ಚುವುದನ್ನು ನಾನಂತೂ ಕೇಳಿಲ್ಲ. ದಾಟಿದವನೊಬ್ಬನ ಕತೆ ಗೊತ್ತಿದೆ, ಅದನ್ನು ಹೇಳುತ್ತೇನೆ."

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವನ ಕಸುಬು. ಹೊಳೆ ಸಣ್ಣದಲ್ಲ. ಮಳೆಗಾಲದಲ್ಲಿ ಈ ದಡದಲ್ಲಿ ಹರಿಗೋಲು ಹತ್ತಿದ ಮದುವೆ ದಿಬ್ಬಣ ಆ ದಡದಲ್ಲಿ ಇಳಿಯುವಷ್ಟರಲ್ಲಿ ನಾಮಕರಣಕ್ಕೆ ಹೊತ್ತಾಗಿರುತ್ತಿತ್ತು. ಅಂಥ ಒಂದು ದಿಬ್ಬಣದಲ್ಲಿ ನಾನೂ ಇದ್ದೆ. ಮಗುವಿಗೆ ಹೆಸರು ಸೂಚಿಸಿದವನು ನಾನೇ.

ಮುಂಗಾರಿನ ಹೊಸ ನೀರು ಬಂದರೆ ಹೊಳೆ ಅಂಬಿಗನ ಮನೆಯ ಮೆಟ್ಟಿಲು ಮುಟ್ಟುತ್ತಿತ್ತು. ಆದ್ದರಿಂದ ಆ ಮನೆಯಲ್ಲಿ ಒಂದು ಕಟ್ಟಳೆ. ಎಂಟು ತುಂಬಿದ ಮಗು ಹೊಸ ನೀರು ಬರುವುದರೊಳಗೆ ಈಜು ಕಲಿಯಬೇಕು. ಕಲಿಯದಿದ್ದರೆ ಅದನ್ನು ಹೊಳೆಯಿಲ್ಲದ ಊರಿನ ನೆಂಟರ ಮನೆಗೆ ಕಳಿಸಬೇಕು. ಕಲಿಸುವ ಕ್ರಮವೂ ಹಳೆಯದೇ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುವುದು. ಬುರುಡೆ ತೇಲುತ್ತದೆ, ಅದರೊಂದಿಗೆ ಮಗುವೂ ತೇಲುತ್ತದೆ. ಕೈಕಾಲು ಬಡಿದೂ ಬಡಿದೂ ಹೊಳೆಯ ನಡುವಿನ ಬಂಡೆಯನ್ನು ಮುಟ್ಟಿದ ದಿನ ಕಲಿತಂತೆ.

ಅಂಬಿಗನೂ ಹಾಗೆಯೇ ಕಲಿತವನು. ಅವನ ತಂದೆ ಬೆನ್ನಿಗೆ ಒಂದೇ ಒಂದು ಬುರುಡೆ ಕಟ್ಟಿ, ನೀರಿಗೆ ಬಿಟ್ಟು, ಹಿಂತಿರುಗಿ ನೋಡದೆ ಹರಿಗೋಲು ತೆಗೆದುಕೊಂಡು ಹೋಗಿದ್ದ. ಸಂಜೆ ಬಂದು "ಏನಾಯ್ತೋ?" ಎಂದು ಕೇಳಿದ್ದ. "ಬಂಡೆ ಮುಟ್ಟಿದೆ" ಎಂದಿದ್ದ ಹುಡುಗ. ತಂದೆ "ಹೂಂ" ಎಂದು ಊಟಕ್ಕೆ ಕೂತಿದ್ದ.

ಮೊದಲನೇ ದಿನವೇ ಬಂಡೆ ಮುಟ್ಟಿದವನು ಎಂದು ಅಂಬಿಗನಿಗೆ ಹೆಸರಾಯಿತು. ಹೇಳುತ್ತಾ ಹೇಳುತ್ತಾ ಆ ಕತೆಯೂ ಅವನ ಜೊತೆ ಬೆಳೆಯಿತು. ಮೀಸೆ ಬಂದ ವರ್ಷ ಅವನು ಬಂಡೆ ದಾಟಿ ಆಚೆ ದಡ ಮುಟ್ಟಿದ. ಮದುವೆಯಾದ ವರ್ಷ, ವಾಪಸು ಬರುವಾಗ ಒಂದು ಮೊಸಳೆಯನ್ನೂ ಕಟ್ಟಿ ತಂದ.

ಅವನಿಗೊಬ್ಬಳು ಮಗಳು. ಹರಿಗೋಲಿನ ಹುಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಮಲಗುವ ಹುಡುಗಿ. ಅವಳಿಗೆ ಎಂಟು ತುಂಬಿತು. ಅಂಬಿಗ ಯೋಚಿಸಿದ: 'ನನ್ನನ್ನು ಒಬ್ಬನೇ ಬಿಟ್ಟು ಹೋದರು. ನನ್ನ ಮಗಳಿಗೆ ಹಾಗೆ ಆಗಬಾರದು.' ಅವನು ಎರಡು ಬುರುಡೆ ಕಟ್ಟಿದ. ಸೊಂಟಕ್ಕೊಂದು ಹಗ್ಗ ಕಟ್ಟಿ ಅದರ ತುದಿಯನ್ನು ತಾನೇ ಹಿಡಿದು ದಡದಲ್ಲಿ ನಿಂತ. ಅಂಬಿಗ ದಡದಲ್ಲಿ ನಿಂತ ಮೇಲೆ ಹರಿಗೋಲೂ ನಿಂತಿತು. ದಾಟಲು ಬಂದ ನಲವತ್ತು ಜನಕ್ಕೆ ಬೇರೆ ಕೆಲಸವಿರಲಿಲ್ಲ. ಅವರೂ ಕೂತು ಹುಡುಗಿಯನ್ನು ನೋಡತೊಡಗಿದರು.

"ಕಾಲು ಬಡಿ ಮಗಳೇ!"

"ಕಾಲಲ್ಲ ಕಣೇ, ಕೈ! ಕೈ ಬೀಸು!"

"ಇವಳಪ್ಪ ಮೊದಲನೇ ದಿನವೇ ಮುಟ್ಟಿದ್ದನಂತೆ."

ಹುಡುಗಿ ಒಂದು ಗುಟುಕು ನೀರು ಕುಡಿದಳು. ನಲವತ್ತು ಬಾಯಿ "ಅಯ್ಯೋ!" ಎಂದವು. ಅಂಬಿಗ ಹಗ್ಗ ಎಳೆದ.

ಮರುದಿನ ಮೂರು ಬುರುಡೆ. ಮೂರನೇ ದಿನ ನಾಲ್ಕು. ನಾಲ್ಕು ಬುರುಡೆ ಕಟ್ಟಿದ ಮೇಲೆ ಹುಡುಗಿ ನೀರಿನ ಮೇಲೆ ಬಾತುಕೋಳಿಯ ಹಾಗೆ ಕೂತಳು. ಅವಳ ಕೈ ನೀರಿಗೆ ಎಟುಕಲಿಲ್ಲ. ಐದನೇ ದಿನ ದಡ ಬಿಟ್ಟು ಇಳಿಯಲಿಲ್ಲ. ಆರನೇ ದಿನ ಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು, "ನನ್ನನ್ನು ಅತ್ತೆಯ ಊರಿಗೆ ಕಳಿಸಿಬಿಡಪ್ಪ" ಎಂದಳು.

ಅತ್ತೆಯ ಊರಿನಲ್ಲಿ ಹೊಳೆಯಿರಲಿ, ಕಾಲು ಮುಳುಗುವ ಹಳ್ಳವೂ ಇರಲಿಲ್ಲ. ಅಂಬಿಗನಿಗೆ ಇದು ಬಿಡಿಸಲಾಗದ ಒಗಟಾಯಿತು. ಅವನು ಬುರುಡೆಗಳನ್ನು ಒಂದೊಂದಾಗಿ ನೀರಿನಲ್ಲಿ ಅದ್ದಿ ನೋಡಿದ. ತೂತಿರಲಿಲ್ಲ. ಬಿದಿರಿನ ಜಲ್ಲೆ ಇಳಿಸಿ ಆಳ ನೋಡಿದ. ತನ್ನ ಕಾಲದಲ್ಲಿ ಇದ್ದದ್ದಕ್ಕಿಂತ ಆಳ ಕಡಿಮೆಯೇ ಇತ್ತು. ಕೊನೆಗೆ ಮಗಳನ್ನೇ ಕೇಳಿದ:

"ನೀರಿನಲ್ಲಿ ಏನಿದೆ ಮಗಳೇ? ಯಾವುದಕ್ಕೆ ಹೆದರುತ್ತೀ?"

"ನೀರು ಏನೂ ಅನ್ನಲ್ಲಪ್ಪ" ಎಂದಳು.

ಇದು ತನ್ನ ಪ್ರಶ್ನೆಗೆ ಉತ್ತರವಲ್ಲ ಎಂದುಕೊಂಡ ಅಂಬಿಗ. ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಅವನು ತನ್ನ ಮುದಿ ತಾಯಿಯ ಬಳಿಗೆ ಹೋದ.

"ಅವ್ವಾ, ನಾನು ಒಂದೇ ಬುರುಡೆಯಲ್ಲಿ ಮೊದಲನೇ ದಿನವೇ ಬಂಡೆ ಮುಟ್ಟಿದೆ. ಇವಳಿಗೆ ನಾಲ್ಕು ಕಟ್ಟಿದರೂ ಆಗುತ್ತಿಲ್ಲ. ಯಾಕೆ?"

ಮುದುಕಿ ಎದ್ದು ಒಳಗೆ ಹೋದಳು. ಅಟ್ಟದಿಂದ ಒಂದು ತಾಮ್ರದ ತಂಬಿಗೆ ತಂದು ಮಗನ ಮುಂದಿಟ್ಟಳು. ಅದರ ತಳ ಸವೆದು ತೂತಾಗಿತ್ತು.

"ಇದನ್ನು ತೂತು ಮಾಡಿದವನು ನೀನು" ಎಂದಳು. "ನಿಮ್ಮಪ್ಪ ನಿನ್ನನ್ನು ನೀರಿಗೆ ಬಿಟ್ಟು ಹೋದ. ದಡದಲ್ಲಿ ಒಂದು ಹಳೇ ಹರಿಗೋಲು ಬೋರಲು ಹಾಕಿತ್ತಲ್ಲ, ಅದರ ಹಿಂದೆ ನಾನು ಕೂತಿದ್ದೆ. ನಿನ್ನ ಕಡೆ ಬೆನ್ನು ಮಾಡಿ, ಕಿವಿ ಮಾತ್ರ ನಿನ್ನ ಮೇಲಿಟ್ಟು, ಮರಳು ಹಾಕಿ ಇದನ್ನು ತಿಕ್ಕುತ್ತಿದ್ದೆ. ಮೊದಲನೇ ದಿನ ನೀನು ನೀರು ಕುಡಿದು ಕೆಮ್ಮಿದೆ, ಅತ್ತುಬಿಟ್ಟೆ. ಎರಡನೇ ದಿನ ನೀರಿಗೇ ಇಳಿಯದೆ ಮರಳಿನಲ್ಲಿ ಗೂಡು ಕಟ್ಟಿದೆ. ಮೂರನೇ ದಿನ ನಿಮ್ಮಪ್ಪನನ್ನು ಬೈದೆ. ಅಂಥ ಬೈಗುಳ ನಿನಗೆ ಯಾರು ಕಲಿಸಿದರೋ, ನನಗಂತೂ ಅದುವರೆಗೆ ಗೊತ್ತಿರಲಿಲ್ಲ. ನಿನ್ನ ಸದ್ದು ಪೂರ್ತಿ ನಿಂತದ್ದು ಒಂದೇ ಸಲ. ಆಗ ತಿರುಗಿ ನೋಡಿದೆ. ಬುರುಡೆ ನಿನ್ನನ್ನು ಎತ್ತಿ ಹಿಡಿದಿತ್ತು, ನೀನು ಕಣ್ಣು ಮುಚ್ಚಿ ಸುಮ್ಮನೆ ತೇಲುತ್ತಿದ್ದೆ. ಮತ್ತೆ ಈ ಕಡೆ ತಿರುಗಿಕೊಂಡೆ. ನೀನು ಬಂಡೆ ಮುಟ್ಟಿದ್ದು ಎಂಟನೇ ದಿನ ಕಣೋ."

ಅಂಬಿಗನ ಮುಖ ಕೆಂಪಾಯಿತು. ಮೊಸಳೆಯ ನೆನಪೂ ಆಗಿರಬೇಕು.

"ನಾನು ಹೇಳುತ್ತಿದ್ದುದು ಸುಳ್ಳೆಂದು ನಿನಗೆ ಗೊತ್ತಿತ್ತೇ? ಮತ್ತೆ ಯಾಕೆ ಹೇಳಲಿಲ್ಲ?"

"ಆವತ್ತೇ ಹೇಳಿದ್ದರೆ ಎರಡನೇ ದಿನ ನೀನು ಹೊಳೆಗೆ ಹೋಗುತ್ತಿದ್ದೆಯಾ?"

ಮರುದಿನ ಬೆಳಿಗ್ಗೆ ಅಂಬಿಗ ತನ್ನ ದಾಯಾದಿಯ ಕೈಗೆ ಹುಟ್ಟು ಕೊಟ್ಟು, ಕಾದಿದ್ದವರನ್ನೆಲ್ಲ ಆಚೆ ದಡಕ್ಕೆ ಸಾಗಿಸಲು ಹೇಳಿದ. ಈ ದಡ ಖಾಲಿಯಾಯಿತು. ಮಗಳಿಗೆ ಒಂದೇ ಬುರುಡೆ ಕಟ್ಟಿದ. ಹಗ್ಗ ಬಿಚ್ಚಿದ. "ನನಗೆ ಕೆಲಸವಿದೆ" ಎಂದು ಹೇಳಿ ಹೊರಟ. ಬೋರಲು ಹಾಕಿದ ಹರಿಗೋಲಿನ ಹಿಂದೆ ಹೋಗಿ ಕೂತು, ಮನೆಯಿಂದ ತಂದ ಇನ್ನೊಂದು ತಂಬಿಗೆಯನ್ನು ತಿಕ್ಕತೊಡಗಿದ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀರಿನ ಸದ್ದಾಯಿತು. ಆಮೇಲೆ ಕೆಮ್ಮು. ಅವನ ಕೈ ನಿಂತಿತು. ಕೆಮ್ಮಿನ ಹಿಂದೆಯೇ ಅಳು ಬಂತು. ಅಳು ಬಂತೆಂದರೆ ಉಸಿರಿದೆ ಎಂದುಕೊಂಡು ಅವನು ಮತ್ತೆ ತಿಕ್ಕಿದ. ಎರಡನೇ ದಿನ ಮಗಳು ಅವನನ್ನು ಬೈದಳು. ಮುದುಕಿ ಹೇಳಿದ ಬೈಗುಳ ಯಾವುದೆಂದು ಅವನಿಗೆ ಆಗ ತಿಳಿಯಿತು. ಮೂರನೇ ದಿನದ ಹೊತ್ತಿಗೆ ಆ ತಂಬಿಗೆ ಎಷ್ಟು ಬೆಳಗುತ್ತಿತ್ತೆಂದರೆ, ಆಚೆ ದಡದ ಕೊಕ್ಕರೆಗಳು ಎರಡು ಸೂರ್ಯ ಹುಟ್ಟಿದವೆಂದು ಎರಡೆರಡು ಸಲ ಬೆಳಗಿನ ಮೀನು ಹಿಡಿದವು.

ಐದನೇ ದಿನ ಹೊಳೆಯ ನಡುವಿನ ಬಂಡೆಯಿಂದ ಒಂದು ಸದ್ದು ಬಂತು. ಕೆಮ್ಮಲ್ಲ, ಅಳುವಲ್ಲ. ಮಗಳು ಒಬ್ಬಳೇ ನಗುತ್ತಿದ್ದಳು. ಅಂಬಿಗ ತಿರುಗಲಿಲ್ಲ. ಹೊಳೆ ಈಜುವುದಕ್ಕೆ ಬೇಕಾದ ಬಲಕ್ಕಿಂತ ಆಗ ಅವನಿಗೆ ಹೆಚ್ಚು ಬಲ ಬೇಕಾಯಿತು.

ಏಳನೇ ದಿನ ಹೊಸ ನೀರು ಬಂತು. ಆ ಸಂಜೆ ಊಟಕ್ಕೆ ಕೂತಾಗ ಮಗಳು ಹೇಳಿದಳು: "ಅಪ್ಪಾ, ನಾನು ಮೊದಲನೇ ದಿನವೇ ಬಂಡೆ ಮುಟ್ಟಿದ್ದೆ. ನೀನು ನೋಡಲಿಲ್ಲ, ಅಷ್ಟೇ."

"ಹೌದೇ?" ಎಂದ ಅಂಬಿಗ. ಮುದುಕಿ ತನ್ನ ತಟ್ಟೆಯಿಂದ ತಲೆಯೆತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಆಮೇಲೆ ಕುತೂಹಲದಿಂದ ಪಾಲಾಕ್ಷನ ಕಡೆ ಬಾಗಿದರು.

"ಆ ನಾಲ್ಕು ಮೈಲಿ ದಾರಿಯಲ್ಲಿ ನಿನ್ನನ್ನು ಯಾರು ನೋಡುತ್ತಿದ್ದರು?"

ಪಾಲಾಕ್ಷ ನೆನಪು ಮಾಡಿಕೊಂಡ. ಆ ದಾರಿಯಲ್ಲಿ ಒಂದು ಹೊಂಗೆಮರವಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ನಪಾಸಾದ ದಿನ ಅವನು ಆ ಮರದ ಕೆಳಗೆ ಕೂತು ಒಂದು ಗಂಟೆ ಅತ್ತಿದ್ದ. ಆಮೇಲೆ ಕಾಲುವೆಯಲ್ಲಿ ಮುಖ ತೊಳೆದುಕೊಂಡು ಮನೆಗೆ ಹೋಗಿದ್ದ. ಇದನ್ನು ಅವನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

"ಯಾರೂ ನೋಡುತ್ತಿರಲಿಲ್ಲ, ಗುರುಗಳೇ."

"ನನ್ನನ್ನೂ ನೋಡುತ್ತಿರಲಿಲ್ಲ. ನಮ್ಮ ಶಾಲೆ ಇದ್ದದ್ದು ಮನೆಯ ಎದುರಿಗೇ. ನೋಡಿದವರಿಲ್ಲದ ಕಾರಣ ಅದನ್ನು ಅಷ್ಟು ದೂರ ಇಟ್ಟುಕೊಂಡಿದ್ದೇನೆ."

ಅಷ್ಟರಲ್ಲಿ ಪಾಲಾಕ್ಷನ ಜೇಬಿನಲ್ಲಿ ಮೊಬೈಲು ಸದ್ದು ಮಾಡಿತು. ಹಾಸ್ಟೆಲಿನ ಅರ್ಜಿಯ ಜೊತೆಗೇ ಅದು ಹೊರಗೆ ಬಂತು. ಶಾಲೆಯಿಂದ ಇಂಪನಾಳ ಈ ವಾರದ ಅಂಕಗಳು. ಹೆಬ್ಬೆರಳು ಅಭ್ಯಾಸದಂತೆ ಮನೆಮಂದಿಯ ಗುಂಪನ್ನು ಹುಡುಕಿಕೊಂಡು ಹೋಯಿತು. ಗುಂಪಿನಲ್ಲಿ ಹತ್ತೊಂಬತ್ತು ಜನರಿದ್ದರು. ಹೆಬ್ಬೆರಳು ಅಲ್ಲಿಯೇ ನಿಂತಿತು. ಅವನು ಗುರುಗಳನ್ನು ನೋಡಿದ.

ಗುರುಗಳು ಕೇಳಿದರು: "ನಿಮ್ಮ ಮನೆಯಲ್ಲಿ ತಿಕ್ಕುವುದಕ್ಕೆ ಒಂದು ತಂಬಿಗೆ ಇದೆಯೇನಪ್ಪ?"